ನನ್ನ ಮನೆಯಲ್ಲೇ ಇರುವ ಮಗುವಿನ ಜೀವನಾಂಶ

ಜೀವನಾಂಶ ವಸೂಲಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಹೀಗೆ ಕರೆಯುವುದು ರೂಢಿ, ಆದ್ದರಿಂದ ಕರೆದಿದ್ದೇನೆ. ಬೇರೆ ಕಾರಣವೇನೂ ಇಲ್ಲ. ನನ್ನ ಒಂಬತ್ತು ವರ್ಷದ ಮಗಳು ಎರಡು ವರ್ಷದಿಂದ ನನ್ನ ಜೊತೆ, ನನ್ನ ಮನೆಯಲ್ಲಿದ್ದಾಳೆ. ಅವಳನ್ನು ಸಾಕುವುದಕ್ಕೆಂದು ನೀವು ತಿಂಗಳು ತಿಂಗಳೂ ನನ್ನ ಸಂಬಳದ ಮೂರನೇ ಒಂದು ಪಾಲು ಹಿಡಿದು ಪಕ್ಕದ ರಾಜ್ಯಕ್ಕೆ ಕಳಿಸುತ್ತಿದ್ದೀರಿ. ಮಗು ಇಲ್ಲಿ, ಅದರ ಅನ್ನದ ದುಡ್ಡು ಅಲ್ಲಿ. ಇಂಥ ಏರ್ಪಾಡು ಮಾಡಲು ಎಷ್ಟು ವರ್ಷ ಓದಬೇಕಾಗುತ್ತದೆ, ದಯವಿಟ್ಟು ತಿಳಿಸಿ.

ನಾನು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬೆಳಗಿನ ಪಾಳಿಯ ದರ್ಜಿ. ಮೂರು ವರ್ಷದ ಹಿಂದೆ ನಾವು ಗಂಡ ಹೆಂಡತಿ ಬೇರೆಯಾದಾಗ ಅವಳು ಮಗಳನ್ನು ಕರೆದುಕೊಂಡು ಪಕ್ಕದ ರಾಜ್ಯಕ್ಕೆ ಹೋಗಿ ಅಲ್ಲಿನ ನ್ಯಾಯಾಲಯದಲ್ಲಿ ಜೀವನಾಂಶ ಕೇಳಿದಳು. ಕೇಳಿದ್ದು ತಪ್ಪಲ್ಲ. ವರ್ಷ ಕಳೆಯುವಷ್ಟರಲ್ಲಿ ಒಂದು ಭಾನುವಾರ ಬಂದು, ನನ್ನ ಕೈಲಾಗ್ತಿಲ್ಲ, ನೀನೇ ನೋಡ್ಕೋ ಅಂತ ಮಗಳನ್ನೂ ಒಂದು ಚೀಲವನ್ನೂ ಬಿಟ್ಟುಹೋದಳು. ಆಮೇಲೆ ಅವಳ ಸುಳಿವಿಲ್ಲ. ಆದರೆ ನ್ಯಾಯಾಲಯ ತನ್ನ ಪಾಡಿಗೆ ತಾನು ನಡೆದು, ನಾನಿಲ್ಲದೆ, ಅವಳೂ ಇಲ್ಲದೆ, ತೀರ್ಪು ಕೊಟ್ಟಿತು. ನೀವು ಅದನ್ನು ಕಣ್ಣಿಗೊತ್ತಿಕೊಂಡು ಇಲ್ಲಿ ನೋಂದಾಯಿಸಿದಿರಿ.

ಇಪ್ಪತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಲಿಲ್ಲ ಎನ್ನುತ್ತೀರಿ. ನಿಜ, ನಮ್ಮ ಕಡೆಯಿಂದಲೂ ಎಡವಟ್ಟಾಗಿದೆ, ಮುಚ್ಚಿಡುವುದಿಲ್ಲ. ನಿಮ್ಮ ನೋಟಿಸು ಕಾರ್ಖಾನೆಗೆ ಬಂದ ದಿನ ಮಗಳಿಗೆ ಜ್ವರವೆಂದು ನಾನು ರಜೆಯಲ್ಲಿದ್ದೆ. ನಮ್ಮ ಕಟಿಂಗ್ ಮಾಸ್ಟರ್ ಸಹಿ ಹಾಕಿ ತೆಗೆದುಕೊಂಡು, ಬಟ್ಟೆ ಗಿರಣಿಯವರ ಜಾಹೀರಾತೆಂದು ಲಕೋಟೆ ಒಡೆದರು. ಒಳ್ಳೆ ದಪ್ಪ ಕಾಗದ, ಬಾಗುವುದಿಲ್ಲ, ಅಂಚು ನೆಟ್ಟಗಿದೆ. ನಮ್ಮಲ್ಲಿ ಅಂಥ ಕಾಗದ ಕಂಡರೆ ಯಾರೂ ಓದುವುದಿಲ್ಲ, ಕತ್ತರಿಸುತ್ತಾರೆ. ಕಾಲರಿನ ಮಾದರಿ ಮಾಡಿಬಿಟ್ಟರು. ಆರು ವಾರ ಅದನ್ನಿಟ್ಟುಕೊಂಡು ಅಂಗಿಗಳ ಕಾಲರು ಕತ್ತರಿಸಿದೆವು. ಒಂದು ದಿನ ಅದು ಮಗುಚಿ ಬಿದ್ದಾಗ ನನ್ನ ಹೆಸರು ಕಂಡಿತು. ಪಾಪ, ಮಾಸ್ಟರ್ ಮುಖ ಸಣ್ಣದು ಮಾಡಿಕೊಂಡು ಎರಡು ದಿನ ನನ್ನ ಕಣ್ಣಿಗೆ ಬೀಳದಂತೆ ಓಡಾಡಿದರು. ಇಡೀ ಪ್ರಕರಣದಲ್ಲಿ ನಾಚಿಕೆಪಟ್ಟವರು ಅವರೊಬ್ಬರೇ.

ನಿಮ್ಮ ಮೂರನೇ ಕೌಂಟರಿಗೆ ಮಗಳನ್ನೇ ಕರೆತಂದೆ. ಶಾಲೆಯ ಪತ್ರ, ವೈದ್ಯರ ಚೀಟಿ, ಎರಡು ವರ್ಷದಿಂದ ಅವಳ ಎತ್ತರ, ತೋಳು, ಸೊಂಟ ತಾರೀಖು ಸಮೇತ ಬರೆದಿಟ್ಟ ನನ್ನ ಅಳತೆ ಪುಸ್ತಕ, ಎಲ್ಲ ಹರವಿದೆ. ನಿಮ್ಮ ಗುಮಾಸ್ತರು ಒಂದನ್ನೂ ಮುಟ್ಟಲಿಲ್ಲ. ತೀರ್ಪನ್ನು ಪ್ರಶ್ನಿಸುವುದಾದರೆ ಅದನ್ನು ಕೊಟ್ಟ ರಾಜ್ಯಕ್ಕೇ ಹೋಗಬೇಕಂತೆ. ಹೋದೆ, ಎರಡು ದಿನದ ಸಂಬಳ ಬಿಟ್ಟು. ತಾಯಿ ಬಂದು ಸಹಿ ಹಾಕದೆ ಕಡತ ತೆರೆಯೋಲ್ಲ, ವಸೂಲಿ ನಿಲ್ಲಿಸೋದು ನಿಮ್ಮ ರಾಜ್ಯದ ಕೆಲಸ ಎಂದು ಅಲ್ಲಿನವರು ಕೈತೊಳೆದುಕೊಂಡರು. ನನ್ನ ದುಡ್ಡು ತೆಗೆದುಕೊಳ್ಳುವವರಿಲ್ಲದೆ ಅಲ್ಲೇ ಕೊಳೆಯುತ್ತಿದೆಯಂತೆ. ಎರಡು ರಾಜ್ಯ ಸೇರಿ ಒಬ್ಬ ದರ್ಜಿಯನ್ನು ಹೀಗೆ ಅಲೆದಾಡಿಸುವುದರಲ್ಲಿ ನಿಮಗೆ ಸಿಗುವ ಸುಖವೇನು?

ಈಗ ಹೊಸ ಪತ್ರ ಬಂದಿದೆ: ಸಂಬಳ ಹಿಡಿಯುವುದಕ್ಕೆ ಮುಂಚಿನ ಹಳೆಯ ಬಾಕಿಯೆಲ್ಲ ಹದಿನಾಲ್ಕನೇ ತಾರೀಖಿನೊಳಗೆ ಕಟ್ಟದಿದ್ದರೆ ಮೂವತ್ತು ದಿನ ಸೆರೆ. ಅಷ್ಟು ದುಡ್ಡು ನನ್ನ ಬಳಿ ಇಲ್ಲವೆಂದು ನಿಮಗೂ ಗೊತ್ತು. ಇದ್ದದ್ದನ್ನು ಹಿಡಿದುಕೊಂಡವರೇ ನೀವು. ನಿಮ್ಮ ಕೋಣೆಗೇ ಬಂದು ಕೇಳಿದೆ, ಆ ಮೂವತ್ತು ದಿನ ನನ್ನ ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು. ಕಡತದಿಂದ ತಲೆಯೆತ್ತದೆ ತಾವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ:

"ನಮ್ಮ ದಾಖಲೆ ಪ್ರಕಾರ ನಿಮ್ಮ ಮನೇಲಿ ಮಗು ಇಲ್ವಲ್ರೀ."

ಅವಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಮೆಟ್ಟಿಲಿಳಿಯುವಾಗ ಕೇಳಿದಳು, "ಅಪ್ಪಾ, ನಾನು ಏನಾದ್ರೂ ಮಾತಾಡ್ಬೇಕಿತ್ತಾ?" ಏನೂ ಇಲ್ಲಮ್ಮ, ಬಾ ಎಂದು ಕೈಹಿಡಿದು ಕರೆದುಕೊಂಡು ಬಂದೆ.

ಆದ್ದರಿಂದ ಕೇಳುತ್ತಿದ್ದೇನೆ: ಒಬ್ಬರನ್ನು ನಮ್ಮ ಮನೆಗೆ ಕಳಿಸಿ, ಅವಳನ್ನು ನೋಡಿಸಿ, ಮಗು ತಂದೆಯ ಬಳಿ ಇದೆ ಎಂದು ಕಡತದಲ್ಲಿ ಒಂದು ಸಾಲು ಬರೆಯಿರಿ. ಸೆರೆಯ ಆದೇಶ ತಡೆಹಿಡಿಯಿರಿ. ಅದಾಗುವುದಿಲ್ಲವೆಂದರೆ, ಹದಿನಾಲ್ಕರಂದು ನನ್ನನ್ನು ಕರೆದೊಯ್ದ ಮೇಲೆ ತಾವೇ ನಮ್ಮ ಮನೆಗೆ ಹೋಗಿ ಕುಳಿತುಕೊಳ್ಳಿ. ಅವಳು ಮೂರೂವರೆಗೆ ಶಾಲೆಯಿಂದ ಬಂದು ಬಾಗಿಲು ತಟ್ಟುತ್ತಾಳೆ. ಒಳಗಿನಿಂದ ತೆಗೆಯಲು ಒಬ್ಬರು ಬೇಕು.

ಇಂತಿ,
ನಿಮ್ಮ ದಾಖಲೆಯಲ್ಲಿ ಬಾಕಿದಾರ, ಮನೆಯಲ್ಲಿ ಅಪ್ಪ