ಖಾದಿ ದಾರ

ನಂಜನಗೂಡು
೧೪ ಜೂನ್ ೨೦೨೫

ಅಮೃತೇಶ್ ಅವರಿಗೆ,

'ಅಮೃತ್' ಎಂದು ಬರೆದು, ಹೊಡೆದುಹಾಕಿ, ಬೇರೆ ಹಾಳೆ ತೆಗೆದುಕೊಂಡೆ.

ಈ ಬೆಳಿಗ್ಗೆ ಪಾರ್ಕಿನ ಅತ್ತಿಗಿಡದಲ್ಲಿ ಹಳದಿ ದಾರವೊಂದು ಕಂಡಿತು. ಎರಡು ರೆಂಬೆಗಳನ್ನು ಹಿಂದಕ್ಕೆಳೆದು ಬೇಲಿಗೆ ಬಿಗಿದಿತ್ತು. ದಾರದ ಗುರುತು ತಕ್ಷಣ ಸಿಕ್ಕಿತು. ಬದನವಾಳಿನ ಖಾದಿ ಕೇಂದ್ರದಲ್ಲಿ ಅಮ್ಮ ನೂತದ್ದು. ನಿಮ್ಮ ಕ್ಯಾಮೆರಾ ಚೀಲದ ಪಟ್ಟಿ ಕಿತ್ತಾಗ ಹೊಲಿದುಕೊಳ್ಳಲೆಂದು ನಾನೇ ಕೊಟ್ಟದ್ದು.

ಆ ರೆಂಬೆಗಳ ಮರೆಯಲ್ಲೇ ಸಿಂಪಿಗ ಹಕ್ಕಿ ಎಲೆಯ ಅಂಚುಗಳನ್ನು ಸೇರಿಸಿ ಹೊಲಿದು ಗೂಡು ಮಾಡಿತ್ತು. ಮೊದಲು ಕಂಡವಳು ನಾನು. ಕಂಡದ್ದನ್ನೆಲ್ಲ ನಿಮಗೆ ಹೇಳುವುದು ಅಭ್ಯಾಸವಾಗಿತ್ತು. ಮೊನ್ನೆ ನೀವು ನರಸೀಪುರದಿಂದ ಒಬ್ಬರೇ ಬಂದು ಫೋಟೊ ತೆಗೆದು ಹೋದಿರಿ. ಬೆಳಕಿಗೆ ಅಡ್ಡ ಬರುವ ಎಲೆಗಳನ್ನು ಕಟ್ಟುವುದು, ಕೆಲಸ ಮುಗಿದ ಮೇಲೆ ಬಿಚ್ಚುವುದು ನಿಮ್ಮ ಫೋಟೊ ಬಳಗದ ಪದ್ಧತಿ. ನೀವು ಕಟ್ಟಿದಿರಿ, ಅಷ್ಟೇ.

ಮೂರು ಮರಿಗಳಿದ್ದ ಗೂಡು ಖಾಲಿ. ದಿನವೂ ಅಲ್ಲಿ ವಾಕಿಂಗ್ ಬರುವ ಚನ್ನಾಜಮ್ಮ ಬೆಂಚಿನಿಂದಲೇ ಹೇಳಿದರು: "ಕಾಗೆ ಎತ್ಕಂಡೋಯ್ತು ಕಣವ್ವ, ಮೂರ್ನೂವೆ. ನಿಮ್ ಕ್ಯಾಮೆರಾ ಉಡ್ಗ ಮರೆ ತಗ್ದ್ಬುಟ್ಟು ಓಗವ್ನೆ, ಕಾಗೆ ಸುಮ್ನೆ ಬುಟ್ಟದಾ?"

ನಿಮಗೆ ಫೋನ್ ಮಾಡಿದೆ. ಮರಿಗಳು ಹಾರಿಹೋಗಿರಬೇಕು ಎಂದಿರಿ. ನೀವೇ ಕಳುಹಿಸಿದ ಫೋಟೊ ನನ್ನ ಮುಂದಿತ್ತು. ಅವು ಇನ್ನೂ ಕಣ್ಣೇ ಬಿಟ್ಟಿರಲಿಲ್ಲ. ಅದನ್ನು ಹೇಳಿದಾಗ ನಕ್ಕಿರಿ. "ಎಂ.ಎ. ಮಾಡ್ದೋಳು ಒಂದ್ ಗೂಡಿಗೆ ಇಷ್ಟೊಂದ್ ಅಳ್ತೀಯಲ್ಲೇ. ಮೊದ್ಲು ಆ ನಾಲ್ಕ್ ಸಾಲು ಕಳ್ಸು."

ಮೈಸೂರಿನ ಪ್ರದರ್ಶನದಲ್ಲಿ ಫೋಟೊದ ಕೆಳಗೆ ಕಾರ್ಡಿನಲ್ಲಿ ಹಾಕಲು, ತಾಯ್ತನದ ಬಗ್ಗೆ ನಾಲ್ಕು ಸಾಲು. ಅದರಡಿ ನಮ್ಮಿಬ್ಬರ ಹೆಸರೂ ಇರುತ್ತದೆ, ನಿಮ್ಮ ಮನೆಯವರೂ ನೋಡಲು ಬರುತ್ತಾರೆ ಎಂದಿದ್ದಿರಿ. ಮನೆಯಲ್ಲಿ ನಿಮ್ಮ ಬಾಯಿಂದ ಹೊರಡದ ನನ್ನ ಹೆಸರನ್ನು ಆ ಕಾರ್ಡಾದರೂ ಹೇಳಲಿ ಎಂದು ನಾನೂ ಆಸೆಪಟ್ಟೆ. ಅಮ್ಮನ ಯಾವ ಸೀರೆ ಉಡುವುದೆಂದು ಕೂಡ ಯೋಚಿಸಿದ್ದೆ.

ಸಾಲುಗಳನ್ನು ಬರೆದಿಟ್ಟಿದ್ದೆ. ಚೆನ್ನಾಗಿಯೇ ಇದ್ದವು. ಮಧ್ಯಾಹ್ನ ಹರಿದೆ.

ನಿಮ್ಮ ಫೋಟೊದ ಕೆಳಗೆ ನನ್ನ ಹೆಸರು ಬೇಡ. ನಾನು ಬರುವುದೂ ಇಲ್ಲ. ನಿಮ್ಮ ಹೆದರಿಕೆ ಕಳೆಯುವವರೆಗೆ ಕಾಯಬಲ್ಲೆ ಅಂದುಕೊಂಡಿದ್ದೆ. ಕಣ್ಣು ಬಿಡದ ಮರಿ ಹಾರಿತು ಎನ್ನುವವರಿಗಾಗಿ ಕಾಯಲಾರೆ.

ಇಂತಿ,
ಕವನ

ವಿ.ಸೂ.: ದಾರ ಬಿಚ್ಚಿ ಬೇಲಿಯ ಮೇಲೆ ಹಾಕಿ ಬಂದಿದ್ದೆ. ಸಂಜೆ ಹೋದಾಗ ತಾಯಿ ಹಕ್ಕಿ ಅದರ ಎಳೆಯೊಂದನ್ನು ಜಗ್ಗಿ ಜಗ್ಗಿ ಕಿತ್ತು, ಕಚ್ಚಿಕೊಂಡು ಹೋಯಿತು. ಎಲ್ಲಿಗೆ ಎಂಬುದನ್ನು ನೋಡಿದ್ದೇನೆ. ನಿಮಗೆ ಹೇಳುವುದಿಲ್ಲ.