ಕೆರೆಯ ಬಳಿ ತೂಗಿದ ಉಕ್ಕು

ಚನ್ನಗಿರಿ
೧೮ ನವೆಂಬರ್ ೧೯೪೩, ಗುರುವಾರ

ಪ್ರೀತಿಯ ತಮ್ಮ ಮುರುಗೇಶಪ್ಪನಿಗೆ ನಿನ್ನ ಅಕ್ಕ ಶಾಂತಾದೇವಿ ಮನಸಾರೆ ಹರಸಿ ಬರೆಯುವುದು.

ಸಂಜೆಯ ಜ್ವರ ಬಿಟ್ಟಿತೆ? ಕೆಮ್ಮು ಹೇಗಿದೆ? ಮೈಸೂರಿನ ಆಸ್ಪತ್ರೆಯ ವೈದ್ಯರು ಮೊಟ್ಟೆ ತಿನ್ನೆಂದು ಹೇಳಿದಾಗ ನೀನು ಒಪ್ಪದೆ ಹಾಲನ್ನು ಇಮ್ಮಡಿ ಮಾಡಿಸಿಕೊಂಡೆಯಂತೆ. ಸಂತೋಷ. ಆದರೆ ಆ ಹಾಲನ್ನು ಪಕ್ಕದ ಮಂಚದವರಿಗೆ ಕೊಡದೆ ನೀನೇ ಕುಡಿಯಬೇಕು. ನಿನ್ನ ಧಾರಾಳತನವನ್ನು ನಾನು ಬಲ್ಲೆ. ರಾತ್ರಿ ಕಿಟಕಿ ತೆರೆದಿಟ್ಟು ಮಲಗಿಸುತ್ತಾರೆಂದು ಬರೆದಿದ್ದೀಯೆ. ನಿನ್ನ ಕಸ್ತೂರಮ್ಮ ಉಣ್ಣೆಯ ಕಂಬಳಿಯೊಂದನ್ನು ಕಳುಹಿಸಿದ್ದಾಳೆ. ಅದನ್ನು ಜಗಳೂರಿನ ಅಂಜಿನಪ್ಪ ತನ್ನ ಕುರಿಗಳ ಉಣ್ಣೆಯಿಂದ ನೇಯಿಸಿ, ಬೆಲೆಯ ಮಾತೆತ್ತಲೂ ಬಿಡದೆ ಕೊಟ್ಟುಹೋದ. ನಿನ್ನ ಕಾಯಿಲೆಯಲ್ಲಿ ನಮಗೆ ಎಷ್ಟು ಜನ ಆಪ್ತರಿದ್ದಾರೆಂಬುದು ತಿಳಿದುಬಂತು. ಆ ಮಟ್ಟಿಗೆ ಶಿವನಿಗೆ ಶರಣೆನ್ನುತ್ತೇನೆ.

ಇನ್ನು ಅಂಗಡಿಯ ವಿಚಾರ. ದಸರೆಯಲ್ಲಿ ನೀನು ಬರೆದ ಕಾಗದವನ್ನು ನಾವಿಬ್ಬರೂ ಓದಿದೆವು. ಯುದ್ಧ ಮುಗಿಯುವವರೆಗೆ ಬಾಗಿಲು ಹಾಕಿ, ಪರವಾನಗಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಡಿ, ಹೆಣ್ಣುಮಕ್ಕಳು ಕಬ್ಬಿಣದ ವ್ಯಾಪಾರದಲ್ಲಿ ಹೈರಾಣಾಗುವುದು ಬೇಡ ಎಂದಿದ್ದೆ. ನಿನ್ನ ಕಳಕಳಿ ಅರ್ಥವಾಯಿತು. ಆದರೆ ಒಮ್ಮೆ ಒಪ್ಪಿಸಿದ ಪರವಾನಗಿ ಮರಳಿ ಬರುವುದಿಲ್ಲ. ಕಸ್ತೂರಮ್ಮ ಕಾಗದವನ್ನು ಮಡಿಸಿಟ್ಟು, “ಅವರು ಬಂದಾಗ ಕೂರಾಕೆ ಗಾದಿ ಇರಬೇಕಲ್ಲ ಅತ್ತಿಗೆಯೋರೆ” ಎಂದಷ್ಟೇ ಹೇಳಿ, ಮರುದಿನ ತಾನೇ ಹೋಗಿ ಬಾಗಿಲು ತೆರೆದಳು.

ನಮ್ಮ ಜನ ಕಂಡದ್ದನ್ನೆಲ್ಲ ಕಬ್ಬಿಣವೆಂದೇ ಕರೆಯುವುದನ್ನು ನಾನು ಎಂದೂ ಸಹಿಸಿದವಳಲ್ಲ. ಅಚ್ಚಿಗೆ ಎರೆಯುವ ಬೀಡು ಬೇರೆ, ಮೆದು ಉಕ್ಕು ಬೇರೆ, ಗಡಸು ಉಕ್ಕು ಬೇರೆ. ಕಬ್ಬಿನ ಆಲೆಯ ಗಾಣಕ್ಕೆ ಬೀಡು ಸಾಕು; ಗಾಡಿಯ ಚಕ್ರದ ಪಟ್ಟಿಗೆ ಮೆದು ಉಕ್ಕು ಬೇಕು; ಉಳಿಗೆ, ಕತ್ತಿಗೆ, ಕುರಿಯ ಉಣ್ಣೆ ಕತ್ತರಿಸುವ ಕತ್ತರಿಗೆ ಗಡಸು ಉಕ್ಕಲ್ಲದೆ ನಡೆಯದು. ಇದಿಷ್ಟನ್ನು ನಾನು ಪುಸ್ತಕದಿಂದ ಕಲಿತೆ. ನಿನ್ನ ಹೆಂಡತಿಯಾದರೋ ಸಲಾಕೆಯನ್ನು ಕಲ್ಲಿಗೆ ತಟ್ಟಿ, ಅದರ ದನಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕೇಳಿಯೇ ಬೇರ್ಪಡಿಸುತ್ತಾಳೆ. ಇಷ್ಟು ವರ್ಷ ನೀನು ಅಂಗಡಿಯಲ್ಲಿ ತಟ್ಟುತ್ತಿದ್ದುದನ್ನು ಗೋಡೆಯಾಚೆಯ ಅಡುಗೆಮನೆಯಿಂದ ಕೇಳಿ ಕಲಿತಳಂತೆ. ಹೀಗೆ ಪಾಠ ಹೇಳಿದ್ದಕ್ಕಾಗಿ, ನಿನಗೆ ಅರಿವಿಲ್ಲದಿದ್ದರೂ, ಅವಳ ಪರವಾಗಿ ನಾನೇ ವಂದಿಸುತ್ತೇನೆ.

ಬೆಲೆಯ ಪಾಡನ್ನು ನೀನೂ ಪತ್ರಿಕೆಯಲ್ಲಿ ನೋಡುತ್ತಿರಬಹುದು. ಹಡಗುಗಳು ಬಾರದೆ ಸೀಮೆಯ ಉಕ್ಕು ನಿಂತೇಹೋಗಿದೆ. ಭದ್ರಾವತಿಯಲ್ಲಿ ತಯಾರಾದ ಉಕ್ಕಿನ ಹೆಚ್ಚಿನ ಪಾಲು ಯುದ್ಧಕ್ಕೆ ಸಲ್ಲುತ್ತದೆ. ಉಳಿದದ್ದು ತಾಲ್ಲೂಕುಗಳಿಗೆ ಹಂಚಿಕೆ. ಅದನ್ನು ಎಲ್ಲರೂ ‘ಕಂಟ್ರೋಲು’ ಎನ್ನುತ್ತಾರೆ. ಹತೋಟಿ ಎಂಬ ಸೊಗಸಾದ ಮಾತಿರುವಾಗ ಈ ಕರ್ಕಶ ಶಬ್ದವೇಕೋ ನಾನರಿಯೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದು ಎಲ್ಲರೂ ಹೊಸ ಗಾಡಿ ಕಟ್ಟಿಸಹೊರಟಿದ್ದರಿಂದ ಪಟ್ಟಿಗೆ ನೂಕುನುಗ್ಗಲು. ಹಳೆಯ ಲಾರಿಯ ಸ್ಪ್ರಿಂಗಿನ ತುಂಡಿಗೂ ಈಗ ಬೆಳ್ಳಿಯ ಮರ್ಯಾದೆ. ದಾವಣಗೆರೆಯ ಒಬ್ಬ ಕೋಟಿನ ಮನುಷ್ಯ ಬಂದು, ಅಂಗಡಿಯಲ್ಲಿದ್ದ ಗಡಸು ಸಲಾಕೆಗಳಷ್ಟನ್ನೂ ಸರ್ಕಾರಿ ದರದ ಮೂರರಷ್ಟಕ್ಕೆ ಕೇಳಿದ. ಕಸ್ತೂರಮ್ಮ, “ನೀವು ಒಯ್ದ್ರೆ ಜಗಳೂರಿನ ಕುರಿಗಳು ಬ್ಯಾಸಗೇಲೂ ಕಂಬಳಿ ಹೊದ್ಕಂಡೇ ತಿರುಗ್ಬೇಕಾಗ್ತೈತಿ, ಹೋಗಿಬರ್ರಿ” ಎಂದು ಕಳುಹಿಸಿಬಿಟ್ಟಳು.

ಕಳೆದ ವಾರದ ಹಂಚಿಕೆಯ ಮಾಲು ಶುಕ್ರವಾರವೇ ಬರಬೇಕಾಗಿತ್ತು. ಲಾರಿ ಸಿಗದೆ, ಗಾಡಿಯ ಚಿಕ್ಕಹನುಮಂತಪ್ಪನೇ ಭದ್ರಾವತಿಯಿಂದ ಹೇರಿಕೊಂಡು ಹೊರಟಿದ್ದ. ದಾರಿಯಲ್ಲಿ ಒಂದು ಎತ್ತಿನ ಲಾಳ ಕಳಚಿ ತಡವಾಯಿತು. ಶನಿವಾರ ಹೊತ್ತು ಮುಳುಗುವುದರೊಳಗೆ ಮಾಲು ನಮ್ಮ ತಕ್ಕಡಿಯಲ್ಲಿ ತೂಗಿ, ಹತೋಟಿಯ ಇನ್ಸ್‌ಪೆಕ್ಟರು ರುಜು ಹಾಕದಿದ್ದರೆ ಹಂಚಿಕೆ ಹೊನ್ನಾಳಿಗೆ ಹೋಗುತ್ತದೆ, ನಮ್ಮ ಪರವಾನಗಿ ರದ್ದಾಗುತ್ತದೆ. ಇನ್ಸ್‌ಪೆಕ್ಟರು ಮಧ್ಯಾಹ್ನವೇ ಬಂದು ಅಂಗಡಿಯ ಜಗಲಿಯಲ್ಲಿ ಗಡಿಯಾರ ನೋಡುತ್ತ ಕುಳಿತರು. ಗಾಡಿಯ ಸುಳಿವಿಲ್ಲ. ವಿಚಾರಿಸಿದರೆ, ಗಾಡಿ ಆಗಲೇ ಬಂದು ಕೆರೆಯ ಬಳಿ ನಿಂತಿದೆ. ಚಿಕ್ಕಹನುಮಂತಪ್ಪ ನೊಗ ಬಿಚ್ಚಿ, ಎತ್ತುಗಳಿಗೆ ಹುಲ್ಲು ಹಾಕಿ, ಹುಣಸೆಯ ನೆರಳಿನಲ್ಲಿ ಹಾಯಾಗಿ ಕುಳಿತಿದ್ದಾನೆ!

ನಾನು ಧಾವಿಸಿ ಹೋಗಿ ಕೇಳಿದೆ. ಅವನು ಎದ್ದು ಕೈಮುಗಿದು, “ಅಕ್ಕೋರೆ, ಶನಿವಾರ ಅಲ್ಲೇನ್ರಿ? ಸಾವ್ಕಾರ್ರ ಅಜ್ಜನ ಕಾಲದಿಂದ ಆ ಹೊಸ್ತಿಲು ದಾಟಿ ಶನಿವಾರ ಕಬ್ಬಿಣ ಒಳಗೆ ಹೋಗಿಲ್ಲ. ಅವರು ಆಸ್ಪತ್ರೇಲಿರೋವಾಗ ನಾನು ಇಳಿಸ್ಲಾ? ಹೊತ್ತು ಮೂಡ್ಲಿ, ನಿಮ್ಮ ಬಾಗ್ಲಾಗೆ ನಿಂತಿರ್ತೀನಿ” ಎಂದ. ನಿನ್ನ ಮೇಲಿನ ಅಕ್ಕರೆಯಿಂದಲೇ ನಿನ್ನ ಅಂಗಡಿಯನ್ನು ಮುಳುಗಿಸಲು ಕುಳಿತವನನ್ನು ಬೈಯುವುದಾದರೂ ಹೇಗೆ? ಹಿಂದಿರುಗಿ ಬಂದು, ನೇಮವೆಂಬುದು ಮನುಷ್ಯರು ಮಾಡಿಕೊಂಡದ್ದು, ಇಂದೊಂದು ದಿನ ಬಿಡೋಣವೆಂದು ಕಸ್ತೂರಮ್ಮನಿಗೆ ಹೇಳಿದೆ. ಅವಳು ತಲೆಯಾಡಿಸಿದಳು. “ಅವರು ಊರಾಗಿಲ್ಲದಾಗ ಅವರ ನೇಮ ಮುರಿಯಾಕೆ ನನಗೆ ಮನಸ್ಸು ಬರಲ್ಲ. ಕಬ್ಬಿಣ ಅಂಗಡಿಗೆ ಬರಬಾರದು, ಅಷ್ಟೇ ತಾನೆ? ಅಂಗಡೀನೇ ಹೋಗ್ಲಿ ಬಿಡ್ರಿ” ಎಂದವಳೇ ಸೆರಗು ಸಿಕ್ಕಿಸಿ, ದೊಡ್ಡ ತಕ್ಕಡಿಯನ್ನು ಕೊಕ್ಕೆಯಿಂದ ಇಳಿಸಿದಳು.

ಆ ಮೆರವಣಿಗೆಯನ್ನು ನೀನು ನೋಡಬೇಕಾಗಿತ್ತು. ಗಾಡಿ ಮಾಡಿಸಲು ನ್ಯಾಮತಿಯಿಂದ ಬಂದಿದ್ದ ಮಲ್ಲೇಶಪ್ಪ ತಕ್ಕಡಿಯ ದಂಡ ಹೊತ್ತ; ಕತ್ತರಿಯ ಉಕ್ಕಿಗೆಂದು ಬಂದಿದ್ದ ಅಂಜಿನಪ್ಪ ತೂಕದ ಕಲ್ಲುಗಳನ್ನು ತನ್ನ ಹೆಗಲ ಕಂಬಳಿಯಲ್ಲಿ ಕಟ್ಟಿಕೊಂಡ; ನಿವೃತ್ತ ಉಪಾಧ್ಯಾಯಿನಿಯಾದ ನಾನು ತಟ್ಟೆಗಳ ಸರಪಣಿ ಹಿಡಿದು ನಡುಬೀದಿಯಲ್ಲಿ ನಡೆದೆ. ಬಳೆಯಂಗಡಿಯ ಭೀಮಕ್ಕ ಕೂಗಿದಳು: “ಏನವ್ವಾ, ಅಂಗಡಿ ಹೊತ್ಕಂಡು ಯಾವ ಮದುವೆಗೆ ಹೊಂಟ್ರಿ?” ಕಸ್ತೂರಮ್ಮ ತಿರುಗಿ ನೋಡದೆ, “ಗಂಡಿನ ಕಡೆಯೋರು ಕೆರೆತಾವ ಬಂದು ಕುಂತವರೆ ಭೀಮಕ್ಕ, ಎದುರುಗೊಳ್ಳಾಕೆ ಹೊಂಟೀವಿ!” ಎಂದಳು. ಮುಂಗೋಪಿಯೆಂದು ಹೆಸರಾದ ಇನ್ಸ್‌ಪೆಕ್ಟರೂ ಕರವಸ್ತ್ರದಲ್ಲಿ ನಗೆ ಮುಚ್ಚಿಕೊಂಡು ಹಿಂದೆ ಬಂದರು.

ಹುಣಸೆಯ ಕೊಂಬೆಗೆ ತಕ್ಕಡಿ ತೂಗುಬಿಟ್ಟಾಗ ಮಾತ್ರ ಅವರು ಗಂಭೀರರಾಗಿ, ಅಂಗಡಿಯಲ್ಲಿ ತೂಗಬೇಕೆಂದು ಆಕ್ಷೇಪಿಸಿದರು. ಕಸ್ತೂರಮ್ಮ, “ತಕ್ಕಡಿ ಇದ್ದ ಕಡೆ ಅಂಗಡಿ ಐತೆ ಸ್ವಾಮಿ. ತೂಕ ನೋಡ್ರಿ, ಗೋಡೆ ನೋಡಬ್ಯಾಡ್ರಿ” ಎಂದಳು. ಅವರು ಒಮ್ಮೆ ಸೂರ್ಯನನ್ನೂ ಒಮ್ಮೆ ಸುತ್ತ ನೆರೆದ ಜನರನ್ನೂ ನೋಡಿ, “ತೂಗಿರಮ್ಮ” ಎಂದರು. ಪಟ್ಟಿ ಪಟ್ಟಿಯಾಗಿ, ಸಲಾಕೆ ಸಲಾಕೆಯಾಗಿ ತೂಗಿ ಮುಗಿಸುವಾಗ ಕೆರೆಯ ನೀರು ಕೆಂಪಾಗಿತ್ತು. ರುಜು ಬಿತ್ತು. ಮಾಲು ರಾತ್ರಿಯೆಲ್ಲ ಗಾಡಿಯಲ್ಲೇ ಇದ್ದು, ಭಾನುವಾರ ಬೆಳಗ್ಗೆ ವಿಭೂತಿ ಹಚ್ಚಿಸಿಕೊಂಡು ಹೊಸ್ತಿಲು ದಾಟಿತು. ನಿನ್ನ ಪರವಾನಗಿಯೂ ಉಳಿಯಿತು, ನಿನ್ನ ನೇಮವೂ ಉಳಿಯಿತು.

ಹೊತ್ತುಹೊತ್ತಿಗೆ ಔಷಧ ತೆಗೆದುಕೊ, ಮನಸ್ಸನ್ನು ಹಗುರವಾಗಿಟ್ಟುಕೊ. ಊರಿನ ಅಷ್ಟೂ ಜನರ ಹಾರೈಕೆ ನಿನ್ನ ಹಾಸಿಗೆಯ ಸುತ್ತ ಇದೆ. ಕಸ್ತೂರಮ್ಮನ ನಮಸ್ಕಾರಗಳು.

ನಿನ್ನ ಅಕ್ಕ,
ಶಾಂತಾದೇವಿ

ಮರೆತ ಮಾತು: ಟಪಾಲಿನ ಹೊತ್ತಾಯಿತು, ಅಕ್ಷರ ಓರೆಯಾದರೆ ಕ್ಷಮಿಸು. ನಿನ್ನ ವೈದ್ಯರು ನನಗೂ ಬರೆದಿದ್ದಾರೆ. ನೀನು ಬದುಕಿ ಬರುತ್ತೀಯೆ, ಅದರಲ್ಲಿ ಸಂಶಯವಿಲ್ಲ; ಆದರೆ ಇನ್ನು ಮುಂದೆ ಕಬ್ಬಿಣದ ಧೂಳಿನಲ್ಲಿ ಕೂರುವಂತಿಲ್ಲ. ಕಸ್ತೂರಮ್ಮನಿಗೆ ನಾನು ಇದನ್ನು ಹೇಳಿಲ್ಲ. ಅವಳು ನಿನಗಾಗಿ ಗಾದಿಯನ್ನು ದಿನವೂ ಝಾಡಿಸಿ, ತಾನು ಪಕ್ಕದ ಚಾಪೆಯ ಮೇಲೆ ಕೂರುತ್ತಾಳೆ. ಮುಂದಿನ ವರ್ಷದ ಪರವಾನಗಿ ಯಾರ ಹೆಸರಿಗೆಂದು ಅಮಲ್ದಾರರು ಕೇಳಿದ್ದಾರೆ. ನಾನು ಚಿಕ್ಕ ವಯಸ್ಸಿಗೇ ವಿಧವೆಯಾಗಿ ಉಪಾಧ್ಯಾಯಿನಿಯರ ಶಾಲೆಗೆ ಸೇರುತ್ತೇನೆಂದಾಗ, ಹಿರಿಯರೆಲ್ಲ ಬೇಡವೆಂದರೂ ನನ್ನ ಪೆಟ್ಟಿಗೆ ಹೊತ್ತು ಊರಾಚೆಯ ಗಾಡಿಯವರೆಗೆ ಬಂದವನು ನೀನು, ನನಗಿಂತ ಚಿಕ್ಕವನು. ಆ ಉಪಕಾರದಲ್ಲಿ ನನ್ನ ಜೀವನವೇ ನಡೆಯಿತು. ಅವಳ ಹೆಸರು ಬರೆ, ತಮ್ಮಾ. ಅವಳಾಗಿ ಕೇಳುವವಳಲ್ಲ, ಅದಕ್ಕೇ ನಾನು ಕೇಳುತ್ತಿದ್ದೇನೆ.