ಆ ಕಡೆಯವನ ಸಲಹೆ

ಜೂನ್ 3, ಬೆಳಿಗ್ಗೆ
ಸಮಸ್ತ ನಾಡಿಗೆ ಪ್ರಕಟಣೆ: ನನ್ನ ಕರಿಕೋಟಿನ ಎರಡನೇ ಗುಂಡಿ ಇಂದು ಉದುರಿತು. ಹೋದ ವಾರ ಸರ್ಕಾರ ಉದುರಿತ್ತು, ಜೊತೆಗೆ ನನ್ನ ಸರ್ಕಾರಿ ವಕೀಲಿಕೆ. ಗುಂಡಿಗೆ ಗಾಂಧಿ ಬಜಾರಿನಲ್ಲಿ ದಾರ ಸಿಕ್ಕಿತು.

ಆ ಕುರ್ಚಿಗೆ ಈಗ ರುದ್ರೇಶ್. ಹದಿನೈದು ವರ್ಷದಿಂದ ಒಟ್ಟಿಗೇ ಕಾಫಿ. ಪಕ್ಷ ಮಾತ್ರ ಬೇರೆ. ಫೈಲು ಒಪ್ಪಿಸಿದೆ. ಭದ್ರಾವತಿ ಕೇಸಿನ ಮೇಲೆ ‘ಅರ್ಜೆಂಟ್’ ಅಂತ ಬರೆದೆ. ಕಾರ್ಖಾನೆ ಹಿಂದಿನ ನಲವತ್ತೆರಡು ಮನೆ. ಸರ್ಕಾರ ಕೊಟ್ಟ ಜಾಗ. ತನ್ನದೆಂದು ಒಬ್ಬ ದಾವಾ ಹೂಡಿದ್ದಾನೆ. ಸರ್ಕಾರ ಸೋತರೆ ಮನೆಗಳು ಹೋದವು.

ಜೂನ್ 20
ನನ್ನ ಹದಿನೆಂಟು ಪುಟದ ಅಭಿಪ್ರಾಯವನ್ನು ರುದ್ರೇಶನ ಪಕ್ಷದವರು ಫೈಲಿನಿಂದ ತೆಗೆಸಿದರಂತೆ. ‘ಆ ಕಡೆಯವನದು.’

ನಾನೇನು ಸಾಚಾ? ಜಮೀನು ಕಾನೂನಿಗೆ ಊರಿಗೇ ದೊಡ್ಡವರು ಶಿವಯೋಗಪ್ಪನವರು. ನಾನು ಆ ಕುರ್ಚಿಯಲ್ಲಿದ್ದ ನಾಲ್ಕು ವರ್ಷದಲ್ಲಿ ಅವರನ್ನು ಒಮ್ಮೆ ಕೇಳಿದೆನೇ? ಅವರು ರುದ್ರೇಶನ ಕಡೆ...

ಜುಲೈ 11
ರುದ್ರೇಶ್ ಕರೆದ! ಆಫೀಸಿಗಲ್ಲ — ಸಕ್ರೆಬೈಲಿನ ಆನೆ ಬಿಡಾರಕ್ಕೆ. ಆನೆ ಸ್ನಾನ ನೋಡುವ ನೆಪ. ಗುರುತು ಸಿಗದಿರಲೆಂದು ತಲೆಗೆ ಟೋಪಿ ಬೇರೆ.

“ಮಾರಾಯ, ಗೆಲ್ಲೋಕೆ ದಾರಿ ಇದ್ಯಾ?”

“ಇದೆ. ಜಾಗ ಸರ್ಕಾರಕ್ಕೆ ಬಂದ 1981ರ ಸ್ವಾಧೀನ ಪತ್ರ. ಹಳೇ ಸರ್ವೆ ನಂಬರಲ್ಲಿ ಹುಡುಕ್ಸು. ನಂಬರ್ ಹೇಳ್ತೀನಿ, ಬರ್ಕೋ.”

“ನಿನ್ನ ಕೇಳಿದ್ದು ಗೊತ್ತಾದ್ರೆ ನನ್ ಕಥೆ ಮುಗೀತು.”

“ಆನೆ ಯಾರಿಗೂ ಹೇಳಲ್ಲ ಬಿಡು.”

ನಕ್ಕ. ನಂಬರನ್ನು ಅಂಗೈಗೆ ಬರೆದುಕೊಂಡ. ನನಗೆ ಆಸೆ ಹುಟ್ಟಿತು. ತಪ್ಪು.

ಆಗಸ್ಟ್ 19
ಸಾಕ್ಷ್ಯಕ್ಕೆ ಕೊನೇ ದಿನ. ಪತ್ರ ಹಾಜರಾಗಲಿಲ್ಲ. ಕೋರ್ಟಿನ ಮೆಟ್ಟಿಲಲ್ಲಿ ರುದ್ರೇಶನನ್ನು ಹಿಡಿದೆ.

“ಸಿಕ್ತು ಕಣೋ. ಆದ್ರೆ ಅದು ನಿನ್ನ ಅಭಿಪ್ರಾಯದ ಒಂಬತ್ತನೇ ಪುಟದಲ್ಲೇ ಇತ್ತಂತೆ. ಹಾಕಿದ್ರೆ ನೀನು ಹೇಳಿದ್ದೇ ಸರಿ ಅಂತ ಒಪ್ಕೊಂಡ ಹಾಗೆ. ನಮ್ಮೋರು ಬೇಡ ಅಂದ್ರು.”

“ಮನೆಗಳು?”

ವಾಚು ನೋಡಿಕೊಂಡ.

ಅಕ್ಟೋಬರ್ 8
ಸರ್ಕಾರ ಸೋತಿತು. ಎರಡೂ ಪಕ್ಷದವರ ಧರಣಿ, ಎದುರುಬದುರು. ಶಾಮಿಯಾನಾ ಒಂದೇ ಅಂಗಡಿಯದು. ಅಪೀಲು ‘ಪರಿಶೀಲನೆಯಲ್ಲಿದೆ’. ಆ ನಲವತ್ತೆರಡರಲ್ಲಿ ಮೊದಲ ಮನೆಯ ಶೇಷಮ್ಮ, ಕೋರ್ಟಿನ ಒಂದು ವಾಯಿದೆಯನ್ನೂ ತಪ್ಪಿಸದವರು, ಕೇಳಿದರು:

“ಲಾಯರ್ ಸಾಹೇಬ್ರೇ, ನೀವಿಬ್ರೂ ದಿನಾ ಒಟ್ಟಿಗೆ ಕಾಫಿ ಕುಡೀತೀರಲ್ಲ... ಆವಾಗ ಏನ್ ಮಾತಾಡ್ತೀರಪ್ಪ?”



ಅಕ್ಟೋಬರ್ 27
ಮಂಜುಶ್ರೀ, ಗಂಡನ ಡೈರಿ ಕದ್ದು ಓದುವ ಮಹಾರಾಯ್ತಿ, ಇದು ನಿನಗೇ. ಅಟ್ಟದ ಮೇಲೆ ಟಿವಿ, ಫ್ರಿಜ್ ಬಂದ ರಟ್ಟಿನ ಡಬ್ಬಗಳಿವೆ. ಕೆಳಗಿಳಿಸಿಡು. ನಾಳೆ ಶೇಷಮ್ಮ ಮನೆ ಖಾಲಿ ಮಾಡಲು ಸಾಮಾನು ಕಟ್ಟುತ್ತಾರೆ. ಹಳೇ ಸೀರೆ ಒಂದೆರಡು ಇದ್ದರೆ ಅದನ್ನೂ — ಅವರ ದೇವರ ಫೋಟೋ ಗಾಜಿನದು, ಸುತ್ತೋಕೆ.